ದಾರಿಗಡ್ಡ ಮಲಗಿದ ಹಾವು

ಡಿಸೆಂಬರಿನ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಒಳರಸ್ತೆಯೊಂದರಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಮಂಜು ಆಗಷ್ಟೇ ಕರಗಿತ್ತು. ಎರಡೂ ಬದಿಯ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ರಸ್ತೆಗೆ ಬಿಸಿಲು ಬಿದ್ದಿತ್ತು. ಒಂದು ತಿರುವು ದಾಟುತ್ತಿದ್ದಂತೆ ಹಾಳೆಟೊಪ್ಪಿ ಹಾಕಿಕೊಂಡ ಹಿರಿಯರೊಬ್ಬರು ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದರು. ಕಾರು ನಿಲ್ಲಿಸಿ ಗಾಜು ಇಳಿಸಿದೆ.

“ಐದು ನಿಮಿಷ ತಡ್ಕೊಳ್ಳಿ ಮಾರಾಯ್ರೆ. ಹುಳ ಮಲಗಿದೆ” ಅಂದರು.

ಅವರ ಹಿಂದೆ, ಬಿಸಿಲು ಬಿದ್ದ ಒಂದು ಚೌಕದಲ್ಲಿ, ಹಳೆಯ ಟಯರಿನ ತುಂಡಿನಂತೆ ಏನೋ ಬಿದ್ದಿತ್ತು. ಇಳಿದು ನೋಡಿದಾಗ ಅದರ ಬೆನ್ನಿನ ಉದ್ದಕ್ಕೂ ಸರಪಳಿಯಂತೆ ಸಾಲಾಗಿ ಕಂದು ಕಲೆಗಳು ಕಂಡವು. “ಹೆಬ್ಬಾವಿನ ಮರಿಯಾ?” ಎಂದು ಕೇಳಿದೆ. “ಅಲ್ಲ, ಕೊಳಕುಮಂಡಲ. ಹತ್ರ ಹೋಗ್ಬೇಡಿ. ಚಳಿಗೆ ಮೈ ಕಾಯಿಸ್ತಾ ಇದೆ. ಅದ್ರ ಪಾಡಿಗೆ ಅದು ಹೋಗ್ತದೆ” ಎಂದು ಮತ್ತೆ ರಸ್ತೆಯ ಕಡೆ ತಿರುಗಿದರು. ಅವರ ಕೈಯಲ್ಲಿ ಕತ್ತಿಯಿತ್ತು. ತೋಟಕ್ಕೆ ಹೊರಟವರು ದಾರಿಯಲ್ಲಿ ಹಾವನ್ನು ಕಂಡು, ಬರುವ ವಾಹನಗಳನ್ನು ತಡೆಯಲು ಅಲ್ಲೇ ನಿಂತುಬಿಟ್ಟಿದ್ದರು.

ಆ ನಿಲುಗಡೆಯಲ್ಲಿ ನನಗೆ ನೆನಪಾದದ್ದು ಕೆಲವು ವರ್ಷಗಳ ಹಿಂದಿನ ಒಂದು ರಾತ್ರಿ. ಮದುವೆ ಮನೆಯೊಂದರಿಂದ ಮರಳುವಾಗ ಚಕ್ರದ ಕೆಳಗೆ ಮೆತ್ತಗೆ ಏನೋ ಹಾದಂತಾಗಿತ್ತು. ಪಕ್ಕದಲ್ಲಿದ್ದವರು “ಏನದು?” ಎಂದಾಗ “ಹೊಂಡ ಇರಬೇಕು” ಎಂದಿದ್ದೆ. ಅದು ಹೊಂಡವಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ನಿಲ್ಲಿಸಿರಲಿಲ್ಲ.

ದಾರಿಯಲ್ಲಿ ಹಾವು ಎದುರಾದರೆ ಮನುಷ್ಯ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಹಳೆಯದು. ಪೂಜಿಸಬೇಕೆ, ಕೊಲ್ಲಬೇಕೆ, ದಾರಿ ಬಿಡಬೇಕೆ ಎಂದು ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಈ ಉತ್ತರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ, ಎಲ್ಲವೂ ಮನುಷ್ಯ ಹಾವನ್ನು ನೋಡಿದ್ದಾನೆ ಎಂದು ಮೊದಲೇ ಒಪ್ಪಿಕೊಂಡಿರುವುದು ಕಾಣುತ್ತದೆ. ನೋಡದೆಯೇ ಕೊಂದರೆ ಏನು ಎಂಬುದನ್ನು ಕೇಳಿದವರು ಕಡಿಮೆ.

ಮೊದಲು ಬನವಾಸಿಗೆ ಹೋಗೋಣ. ಅಲ್ಲಿಯ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಬರಹವಿದೆ. ಕದಂಬರಿಗಿಂತ ಮುಂಚೆ ಆಳಿದ ಚುಟು ವಂಶದ ಕಾಲದ್ದು ಅದು. ರಾಜಕುಮಾರಿ ಶಿವಸ್ಕಂದನಾಗಶ್ರೀ ಒಂದು ನಾಗ, ಒಂದು ಕೆರೆ, ಒಂದು ವಿಹಾರ ಇಷ್ಟನ್ನು ಮಾಡಿಸಿಕೊಟ್ಟಳು ಎಂದು ಆ ಶಾಸನ ಹೇಳುತ್ತದೆ. ನಾಗನನ್ನು ಕಡೆದ ಶಿಲ್ಪಿ ನಟಕನ ಹೆಸರೂ ಅದರಲ್ಲಿದೆ. ದಾನದ ಪಟ್ಟಿಯಲ್ಲಿ ನಾಗ ಮತ್ತು ಕೆರೆ ಒಟ್ಟಿಗೆ ಬಂದಿರುವುದನ್ನು ಗಮನಿಸಬೇಕು. ಕರಾವಳಿಯ ನಾಗಬನಗಳಲ್ಲಿ, ಬಯಲುಸೀಮೆಯ ಅಶ್ವತ್ಥಕಟ್ಟೆಗಳಲ್ಲಿ ಇವತ್ತಿಗೂ ನಾಗರಕಲ್ಲು ನೀರು, ಮರ, ನೆರಳಿನ ನೆರೆಯಲ್ಲೇ ಇರುತ್ತದೆ. ಹಾವಿಗೆ ಊರಿನಲ್ಲಿ ಒಂದು ಜಾಗ ಬಿಟ್ಟುಕೊಡುವ ಏರ್ಪಾಡು ಅದು. ಬನದಲ್ಲಿ ಕೊಡಲಿ ಆಡಿಸುವಂತಿರಲಿಲ್ಲ. ಆದ್ದರಿಂದ ಅಲ್ಲಿ ಹಾವಿನ ಜೊತೆಗೆ ಕಪ್ಪೆ, ಇಲಿ, ಹಕ್ಕಿಗಳೂ ಉಳಿದವು.

ಬನದಲ್ಲಿರುವ ಹಾವಿನ ಮಾತು ಇದು. ದಾರಿಯಲ್ಲಿ ಎದುರಾಗುವ ಹಾವಿನ ಕತೆ ಬೇರೆ, ಅದು ಮಹಾಭಾರತದ ಆದಿಪರ್ವದಲ್ಲಿ ಸಿಗುತ್ತದೆ. ರುರು ಎಂಬ ಋಷಿಕುಮಾರ ಪ್ರಮದ್ವರೆಯನ್ನು ಮದುವೆಯಾಗಬೇಕಿತ್ತು. ಗೆಳತಿಯರೊಂದಿಗೆ ಆಡುತ್ತಿದ್ದ ಅವಳು ದಾರಿಯಲ್ಲಿ ಮಲಗಿದ್ದ ಹಾವನ್ನು ಕಾಣದೆ ತುಳಿದಳು. ಅದು ಕಚ್ಚಿ ಅವಳು ಸತ್ತಳು. ರುರು ತನ್ನ ಆಯುಷ್ಯದ ಅರ್ಧವನ್ನು ಕೊಟ್ಟು ಅವಳನ್ನು ಬದುಕಿಸಿಕೊಂಡ. ಆದರೆ ಅವನ ಸಿಟ್ಟು ಇಳಿಯಲಿಲ್ಲ. ಕಂಡ ಹಾವುಗಳನ್ನೆಲ್ಲ ಕೋಲಿನಿಂದ ಬಡಿದು ಕೊಲ್ಲುತ್ತಾ ಹೋದ. ಒಂದು ದಿನ ಕಾಡಿನಲ್ಲಿ ಮುದಿ ಡುಂಡುಭವೊಂದು ಬಿದ್ದುಕೊಂಡಿತ್ತು. ಡುಂಡುಭ ಎಂದರೆ ವಿಷವಿಲ್ಲದ ಹಾವು. ರುರು ಕೋಲೆತ್ತಿದಾಗ ಅದು ಮಾತನಾಡಿತು: ನಾನು ನಿನಗೇನೂ ಮಾಡಿಲ್ಲ, ನೋಡುವುದಕ್ಕೆ ಹಾವಿನಂತಿದ್ದೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನೇಕೆ ಕೊಲ್ಲುತ್ತೀಯೆ ಎಂದು ಕೇಳಿತು. ಕೋಲು ಕೆಳಗಿಳಿಯಿತು.

ಜನಮೇಜಯನ ಸರ್ಪಯಾಗದ ಕತೆಗೆ ಬಾಗಿಲಿನಂತೆ ಬರುವ ಈ ಸಣ್ಣ ಕತೆಯಲ್ಲಿ ಎರಡು ಸಂಗತಿಗಳಿವೆ. ಒಂದು, ಪ್ರಮದ್ವರೆಯೂ ಹಾವೂ ಒಬ್ಬರಿಗೊಬ್ಬರು ವೈರಿಗಳಾಗಿರಲಿಲ್ಲ. ನಡೆದದ್ದು ಒಂದು ಅಪಘಾತ. ಎರಡು, ಅಪಘಾತದಿಂದ ಹುಟ್ಟಿದ ದುಃಖ ಒಂದು ಇಡೀ ಕುಲದ ಮೇಲಿನ ದ್ವೇಷವಾಗಿ ಬೆಳೆಯಿತು. ಅದನ್ನು ತಡೆದದ್ದು ನಿಂತು ಕೇಳಿಸಿಕೊಂಡ ಒಂದು ಕ್ಷಣ.

ಪೂಜೆಗೂ ಕೊಲೆಗೂ ನಡುವಿನ ದೂರ ಎಷ್ಟು ಕಡಿಮೆ ಎಂಬುದನ್ನು 12ನೇ ಶತಮಾನದಲ್ಲಿ ಬಸವಣ್ಣನವರು ಹೇಳಿದ್ದಾರೆ. ಶಿಲೆಯಾಗಿ ನಿಂತ ನಾಗನಿಗೆ ಸಲ್ಲುವ ಉಪಚಾರ ಜೀವವಿರುವ ನಾಗನಿಗೆ ಸಲ್ಲುವುದಿಲ್ಲ ಎಂಬ ಅವರ ವಚನ ಶಾಲೆಯ ಮಕ್ಕಳಿಗೂ ಗೊತ್ತು. ಅಲ್ಲಿ ಅವರ ಗುರಿ ಹಾವಿನ ರಕ್ಷಣೆಯಲ್ಲ. ಲಿಂಗಕ್ಕೆ ನೈವೇದ್ಯ ಹಿಡಿಯುವವರು ಹಸಿದ ಜಂಗಮನನ್ನು ಅಟ್ಟುತ್ತಾರೆ ಎನ್ನುವುದಕ್ಕೆ ಹಾವು ಒಂದು ಹೋಲಿಕೆಯಾಗಿ ಬಂದಿದೆ. ಆದರೆ ಚರಿತ್ರೆಯನ್ನು ಓದುವವರಿಗೆ ಹೋಲಿಕೆಗಳೂ ಸಾಕ್ಷಿಗಳೇ. ಕೇಳುವವರಿಗೆಲ್ಲ ದಿನನಿತ್ಯ ಗೊತ್ತಿರುವ ಸಂಗತಿಯಾದರೆ ಮಾತ್ರ ಹೋಲಿಕೆ ನಾಟುತ್ತದೆ. ಹಾಗಾಗಿ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಎಂಟುನೂರೈವತ್ತು ವರ್ಷಗಳ ಹಿಂದೆಯೂ ಈ ನಾಡಿನ ಜನ ಕಲ್ಲಿಗೆ ಕೈಮುಗಿಯುತ್ತಿದ್ದರು, ಹಾವು ಕಂಡರೆ ದೊಣ್ಣೆ ಹುಡುಕುತ್ತಿದ್ದರು. ಹಿಂದಿನವರೆಲ್ಲ ಹಾವಿನೊಂದಿಗೆ ಸೌಹಾರ್ದದಿಂದ ಇದ್ದರು, ಈಗಿನವರು ಕೆಟ್ಟರು ಎಂಬ ಸುಲಭದ ಕತೆ ನಿಲ್ಲುವುದಿಲ್ಲ.

ಇಷ್ಟಾದರೂ ನಮ್ಮ ಜನಪದದಲ್ಲಿ ಈ ಇಬ್ಬಂದಿಗಿಂತ ಆಳವಾದ ಒಂದು ಅರಿವಿದೆ. ನಾಗರಪಂಚಮಿಯ ಕತೆಯನ್ನು ನೆನಪಿಸಿಕೊಳ್ಳಿ. ಊರಿಂದ ಊರಿಗೆ ವಿವರ ಬದಲಾಗುತ್ತದೆ, ತಿರುಳು ಒಂದೇ. ರೈತ ಹೊಲ ಉಳುವಾಗ ನೇಗಿಲಿನ ಕುಳ ತಗುಲಿ ಹುತ್ತದಲ್ಲಿದ್ದ ಹಾವಿನ ಮರಿಗಳು ಸಾಯುತ್ತವೆ. ತಾಯಿಹಾವು ಸಿಟ್ಟಿನಿಂದ ರಾತ್ರಿ ಬಂದು ಅವನ ಮನೆಯವರನ್ನೆಲ್ಲ ಕಚ್ಚುತ್ತದೆ. ಉಳಿದ ಮಗಳನ್ನು ಹುಡುಕಿಕೊಂಡು ಅವಳ ಗಂಡನ ಮನೆಗೆ ಹೋದಾಗ ಅವಳು ನಾಗನ ಚಿತ್ರ ಬರೆದು ಪೂಜೆ ಮಾಡುತ್ತಿರುತ್ತಾಳೆ. ಹಾವಿನ ಸಿಟ್ಟು ಇಳಿಯುತ್ತದೆ, ಸತ್ತವರು ಬದುಕುತ್ತಾರೆ. ಅದಕ್ಕೇ ಆ ದಿನ ಉಳಬಾರದು, ನೆಲ ಅಗೆಯಬಾರದು.

ಈ ಕತೆಯ ರೈತ ದುಷ್ಟನಲ್ಲ. ಅವನು ಹಾವನ್ನು ಕೊಲ್ಲಲು ಹೋದವನೂ ಅಲ್ಲ. ತನ್ನ ಕೆಲಸ ಮಾಡುತ್ತಿದ್ದ, ನೋಡಲಿಲ್ಲ, ಅಷ್ಟೇ. ಆದರೂ ಕತೆ ಅವನನ್ನು ಬಿಡುವುದಿಲ್ಲ. ನೋಡದೆ ಮಾಡಿದ್ದಕ್ಕೂ ಲೆಕ್ಕವಿದೆ ಎನ್ನುತ್ತದೆ. ಮಳೆ ನೀರು ಬಿಲಗಳಿಗೆ ನುಗ್ಗಿ ಹಾವುಗಳು ಹೊರಬೀಳುವ, ಹೊಲದ ಕೆಲಸ ಜೋರಾಗಿರುವ ಶ್ರಾವಣದಲ್ಲೇ ಈ ಹಬ್ಬ ಬರುತ್ತದೆ. ಮನುಷ್ಯನ ಉಪಕರಣಕ್ಕೂ ಹಾವಿಗೂ ಡಿಕ್ಕಿಯಾಗುವ ಕಾಲದಲ್ಲಿ ಒಂದು ದಿನವಾದರೂ ಉಪಕರಣ ಸುಮ್ಮನಿರಲಿ ಎಂದು ಹಿಂದಿನವರು ನಿಯಮ ಮಾಡಿಕೊಂಡರು. ಕರಾವಳಿ, ಮಲೆನಾಡಿನಲ್ಲಿ ಸತ್ತ ನಾಗರಹಾವು ಕಂಡರೆ ಮನುಷ್ಯರಿಗೆ ಮಾಡಿದಂತೆ ಸಂಸ್ಕಾರ ಮಾಡುವ ಪದ್ಧತಿ ಇಂದಿಗೂ ಇದೆ. ಆದರೆ ಆ ಮರ್ಯಾದೆ ನಾಗರಹಾವಿಗೆ ಮಾತ್ರ. ಕೇರೆಹಾವಿಗೆ, ಕೊಳಕುಮಂಡಲಕ್ಕೆ ಅದು ಸಿಗುವುದಿಲ್ಲ.

18ನೇ ಶತಮಾನದ ಕೊನೆಗೆ ಹಾವನ್ನು ನೋಡುವ ಇನ್ನೊಂದು ಬಗೆ ಬಂತು. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ಲನನ್ನು ಮದ್ರಾಸ್ ಪ್ರಾಂತ್ಯಕ್ಕೆ ತನ್ನ ನಿಸರ್ಗ ವಿಜ್ಞಾನಿಯಾಗಿ ನೇಮಿಸಿತು. ಕಂಪನಿಯ ನೌಕರರಿಗೆ ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು ಎಂದು ತಿಳಿಸಿಕೊಡುವುದು ಅವನ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಅವನು ಹಾವುಗಳನ್ನು ತರಿಸಿಕೊಂಡ, ಚಿತ್ರ ಬರೆಸಿದ, ನಾಯಿ ಕೋಳಿಗಳ ಮೇಲೆ ವಿಷದ ಪ್ರಯೋಗ ಮಾಡಿದ. ಕೋರಮಂಡಲ ತೀರದ ಹಾವುಗಳ ಬಗ್ಗೆ ಅವನು ಬರೆದ ಗ್ರಂಥದ ಮೊದಲ ಸಂಪುಟ 1796ರಲ್ಲಿ ಬಂತು. ಅದರಲ್ಲಿ ಹಾವುಗಳಿಗೆ ಸ್ಥಳೀಯರು ಕರೆಯುವ ಹೆಸರುಗಳನ್ನೇ ದಾಖಲಿಸಿದ್ದ. ನಮ್ಮ ಕೊಳಕುಮಂಡಲ ಅಲ್ಲಿ ‘ಕಟುಕ ರೇಕುಲ ಪೊಡ’ ಎಂಬ ತೆಲುಗು ಹೆಸರಿನಲ್ಲಿ ಬರುತ್ತದೆ. ಮುಂದಿನ ವರ್ಷವೇ ಆ ಹಾವಿಗೆ ವಿಜ್ಞಾನದ ಹೆಸರು ಬಿತ್ತು, ರಸೆಲ್ಲನ ಹೆಸರನ್ನೇ ಇಟ್ಟರು. ಹಾವನ್ನು ಹಿಡಿದು ತಂದು ಹೆಸರು ಹೇಳಿದವರು ಯಾರು ಎಂಬುದು ಹಿಂದೆ ಸರಿಯಿತು. ಹಾಗಿದ್ದರೂ ರಸೆಲ್ ಒಂದು ದೊಡ್ಡ ಕೆಲಸ ಮಾಡಿದ. ಡುಂಡುಭ ರುರುವಿಗೆ ಹೇಳಿದ್ದನ್ನೇ, ಎಲ್ಲ ಹಾವೂ ಒಂದಲ್ಲ ಎಂಬುದನ್ನು, ಅವನು ಚಿತ್ರಸಮೇತ ತೋರಿಸಿದ.

ನಂತರದ ನೂರು ವರ್ಷಗಳಲ್ಲಿ ಈ ತಿಳಿವಳಿಕೆ ಸರ್ಕಾರಿ ಲೆಕ್ಕವಾಗಿ ಬದಲಾಯಿತು. ಕಲ್ಕತ್ತೆಯಲ್ಲಿದ್ದ ವೈದ್ಯ ಜೋಸೆಫ್ ಫೇರರ್ 1872ರಲ್ಲಿ ಭಾರತದ ವಿಷಸರ್ಪಗಳ ಬಗ್ಗೆ ಬೃಹತ್ ಗ್ರಂಥವನ್ನು ಹೊರತಂದ. ದೇಶದ ಒಂದು ಭಾಗದಿಂದ ಮಾತ್ರ ವರದಿ ತರಿಸಿಕೊಂಡಾಗಲೇ, 1869ರ ಒಂದೇ ವರ್ಷದಲ್ಲಿ 11,416 ಜನ ಹಾವು ಕಡಿದು ಸತ್ತಿದ್ದಾರೆಂದು ಅವನು ತೋರಿಸಿದ್ದ. ಅದಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಬಹುಮಾನ. ಸತ್ತ ಹಾವು ತಂದವರಿಗೆ ಕಾಸು. ಇದು ಅದಕ್ಕೂ ಮೊದಲೇ ಕೆಲವು ಕಡೆ ಇತ್ತು. 1862ರಲ್ಲಿ ನಮ್ಮ ಪಶ್ಚಿಮ ಕರಾವಳಿಯ ರತ್ನಾಗಿರಿ ಜಿಲ್ಲೆಯಲ್ಲಿ ಎಂಟೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗರಗಸ ಮಂಡಲಗಳನ್ನು ಕೊಂದು ತಂದರು. 1880ರ ಸುಮಾರಿಗೆ ಬ್ರಿಟಿಷ್ ಭಾರತದ ವಾರ್ಷಿಕ ವರದಿಗಳಲ್ಲಿ ಕೊಂದ ಹಾವುಗಳ ಸಂಖ್ಯೆ ಎರಡು ಲಕ್ಷ ದಾಟಿತ್ತು. ಮನುಷ್ಯರ ಸಾವು ಮಾತ್ರ ಇಳಿಯಲಿಲ್ಲ. ರುರುವಿನ ಕೋಲಿಗೆ ಈಗ ಸಂಬಳ ಸಿಕ್ಕಂತಾಗಿತ್ತು.

ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ಬರಿಗಾಲಲ್ಲಿ ಹೊಲ ತೋಟಗಳಿಗೆ ಇಳಿಯುವವರು. ಕೊಂದ ಹಾವುಗಳಲ್ಲಿ ಕೊಳಕುಮಂಡಲದ್ದೇ ದೊಡ್ಡ ಪಾಲು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶ ಹೊರಡಿಸಿತು. ನಮ್ಮ ಹಳ್ಳಿಗಳಲ್ಲಿ ಹಾವು ‘ಕಚ್ಚಿತು’ ಎನ್ನದೆ ‘ಮುಟ್ಟಿತು’ ಎನ್ನುವುದು, ರಾತ್ರಿ ಹೊತ್ತು ಹಾವೆಂದು ಹೆಸರು ಹೇಳದೆ ‘ಹುಳ’ ಎನ್ನುವುದು ಬರೀ ಮೂಢನಂಬಿಕೆಯಲ್ಲ. ಸಾವನ್ನು ಹತ್ತಿರದಿಂದ ಕಂಡವರ ಭಾಷೆ ಅದು. ಹಾಳೆಟೊಪ್ಪಿಯ ಆ ಹಿರಿಯರು ಹಾವನ್ನು ಕಾಯುತ್ತಾ ನಿಂತದ್ದು ಅಪಾಯ ಗೊತ್ತಿಲ್ಲದೆ ಅಲ್ಲ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬಹುಮಾನದ ಕಾಲ ತಿರುಗುಮುರುಗಾಯಿತು. ಹಾವನ್ನು ಹಿಡಿಯುವುದು, ಕೊಲ್ಲುವುದು, ಚರ್ಮ ಮಾರುವುದು ಅಪರಾಧವಾಯಿತು. 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರುವಾಗಿ ಕಾಳಿಂಗ ಸರ್ಪದ ಬದುಕಿನ ಬಗ್ಗೆ ಅಧ್ಯಯನ ನಡೆಯಿತು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಒಂದು ಪ್ರಭೇದವೆಂದು ವಿಜ್ಞಾನಿಗಳು ತೋರಿಸಿ, ಅದಕ್ಕೆ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ ಇಟ್ಟರು. ಸ್ಥಳೀಯ ಹೆಸರು ಹಿಂದೆ ಸರಿದ ರಸೆಲ್ಲನ ಕಾಲದಿಂದ ಇಲ್ಲಿಗೆ ಬಂದ ದಾರಿ ಸಣ್ಣದಲ್ಲ.

ಆದರೆ ಇದೇ ಅವಧಿಯಲ್ಲಿ ಇನ್ನೊಂದು ದಾರಿಯೂ ಬೆಳೆಯಿತು, ಡಾಂಬರಿನದು. 19ನೇ ಶತಮಾನದಲ್ಲಿ ಹತ್ತಿ, ಕಾಫಿ ಸಾಗಿಸಲು ಘಟ್ಟಗಳಲ್ಲಿ ಗಾಡಿರಸ್ತೆಗಳಾದಾಗ ಎತ್ತಿನ ಗಾಡಿ ಹೋಗುತ್ತಿದ್ದದ್ದು ಮನುಷ್ಯ ನಡೆಯುವ ವೇಗದಲ್ಲಿ. ದಾರಿಯಲ್ಲಿ ಹಾವಿದ್ದರೆ ಗಾಡಿಯವನಿಗಿಂತ ಮೊದಲು ಎತ್ತು ಬೆದರಿ ನಿಲ್ಲುತ್ತಿತ್ತು. ಕಾಲುದಾರಿಯಲ್ಲಿ ಹೋಗುವವರು ಕೋಲು ಕುಟ್ಟುತ್ತಾ, ದೊಂದಿ ಬೀಸುತ್ತಾ ಹೋಗುತ್ತಿದ್ದರು. ನೆಲದ ಅದುರಿಗೆ ಹಾವು ಸರಿಯುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಹುಟ್ಟಿದ್ದು ಕೋಲು ಹಿಡಿದು ಹಾವಿನೆದುರು ನಿಂತವರ ಬಾಯಲ್ಲಿ. ಕೋಲು ಎತ್ತಬೇಕಾದರೂ ಮೊದಲು ಹಾವನ್ನು ನೋಡಬೇಕು.

ಹಾವಿಗೆ ಡಾಂಬರು ಏಕೆ ಬೇಕು? ಅದರ ಮೈ ತನಗೆ ಬೇಕಾದಷ್ಟು ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಚಳಿಗಾಲದ ಬೆಳಿಗ್ಗೆ ಮೈ ಬೆಚ್ಚಗಾಗದೆ ಅದಕ್ಕೆ ಚುರುಕಾಗಿ ಹರಿಯಲಾಗದು, ತಿಂದ ಇಲಿ ಅರಗದು. ಮೊದಲು ಬಂಡೆ, ಹುತ್ತ, ಗದ್ದೆಯ ಅಂಚು ಇದಕ್ಕೆ ಒದಗುತ್ತಿದ್ದವು. ಕಾಡಿನ ನಡುವೆ ಮರ ಕಡಿದು ಹಾಸಿದ ಕಪ್ಪು ರಸ್ತೆ ಅವೆಲ್ಲಕ್ಕಿಂತ ಬೇಗ ಬಿಸಿಯಾಗುತ್ತದೆ, ಸಂಜೆ ಸೂರ್ಯ ಮುಳುಗಿದ ಮೇಲೂ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿದ್ಯುತ್ ಎಂಜಿನಿಯರ್ ಆಗಿದ್ದು ಬುರುಡೆಹಾವುಗಳ ತಜ್ಞನೆನಿಸಿದ ಲಾರೆನ್ಸ್ ಕ್ಲಾಬರ್, ರಾತ್ರಿ ಮರುಭೂಮಿಯ ರಸ್ತೆಗಳಲ್ಲಿ ಕಾರು ಓಡಿಸಿದರೆ ಹಾವುಗಳು ಸಲೀಸಾಗಿ ಕಾಣಸಿಗುತ್ತವೆ ಎಂಬುದನ್ನು ಅಂಕಿ ಅಂಶಗಳೊಂದಿಗೆ 1939ರಲ್ಲಿ ಪ್ರಕಟಿಸಿದ. ರಸ್ತೆಯಲ್ಲಿ ಹಾವು ಸಿಗುತ್ತದೆ ಎಂಬುದು ವಿಜ್ಞಾನಕ್ಕೆ ಅನುಕೂಲವಾಯಿತು. ಹಾವಿಗೆ ಅದು ಅನುಕೂಲವಾಗಲಿಲ್ಲ. ತರಗೆಲೆಯ ನಡುವೆ ಕಣ್ಣಿಗೆ ಬೀಳದಂತೆ ಕೊಳಕುಮಂಡಲವನ್ನು ಕಾಪಾಡುವ ಅದೇ ಕಂದು ಕಲೆಗಳು ಕಪ್ಪು ರಸ್ತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಪಾಯ ಬಂದರೆ ಅಲ್ಲಾಡದೆ ಇರಬೇಕೆಂಬುದು ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿ. ಹದ್ದಿನೆದುರು ಆ ಬುದ್ಧಿ ಉಳಿಸೀತು, ಲಾರಿಯೆದುರು ಉಳಿಸಲಾರದು.

ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆ, ಜಿಂಕೆ, ಚಿರತೆಗಳು ವಾಹನಕ್ಕೆ ಸಿಕ್ಕಿ ಸಾಯುವುದು ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಚರ್ಚೆಯಾಯಿತು, ನ್ಯಾಯಾಲಯದವರೆಗೂ ಹೋಯಿತು. ಹಾವು ಸತ್ತರೆ ಚಾಲಕನಿಗೇ ತಿಳಿಯುವುದಿಲ್ಲ. ಎರಡು ದಿನದಲ್ಲಿ ಅದು ರಸ್ತೆಗೆ ಅಂಟಿದ ಪಟ್ಟಿಯಾಗಿ, ಮೂರನೆಯ ದಿನ ಕಾಗೆಗಳ ಪಾಲಾಗಿ ಇಲ್ಲವಾಗುತ್ತದೆ. ವಸಾಹತು ಸರ್ಕಾರ ಬಹುಮಾನ ಕೊಟ್ಟು ಕೊಲ್ಲಿಸಿದ ಹಾವುಗಳ ಲೆಕ್ಕವನ್ನು ವರ್ಷವರ್ಷವೂ ಬರೆದಿಟ್ಟಿತು. ನಾವು ರಸ್ತೆಯ ಮೇಲೆ ಕೊಲ್ಲುವ ಹಾವುಗಳಿಗೆ ಅಂಥ ಕಡತವೂ ಇಲ್ಲ. ಬೇಟೆಯಾಡುವವನನ್ನು ಕಾಯ್ದೆ ಹಿಡಿಯುತ್ತದೆ, ನೋಡದೆ ಹಾಯಿಸಿಕೊಂಡು ಹೋದವನನ್ನು ಹಿಡಿಯುವವರಿಲ್ಲ.

ಅದಕ್ಕೇ ನನಗೆ ಪಂಚಮಿಯ ರೈತ ಮತ್ತೆ ಮತ್ತೆ ನೆನಪಾಗುತ್ತಾನೆ. ನಮ್ಮ ಪರಂಪರೆಯಲ್ಲಿ ಇವತ್ತಿನ ರಸ್ತೆಗೆ ಒದಗುವ ಕತೆ ಇದ್ದರೆ ಅದು ಅವನದೇ. ನೇಗಿಲಿನ ಜಾಗದಲ್ಲಿ ಈಗ ಚಕ್ರವಿದೆ. ಕೊಲ್ಲುವ ಮನಸ್ಸಿರಲಿಲ್ಲ ಎನ್ನುವುದರಿಂದ ಲೆಕ್ಕ ಮುಗಿಯುವುದಿಲ್ಲ ಎಂದು ಆ ಕತೆ ಹೇಳಿತ್ತು. ಹಬ್ಬದ ದಿನ ಹಾಲೆರೆದು, ಮರುದಿನ ಅದೇ ಊರಿನ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಹೋಗುವ ನಾವು ಕತೆಯ ಪೂಜೆಯ ಭಾಗವನ್ನು ಉಳಿಸಿಕೊಂಡು ನೇಗಿಲಿನ ಭಾಗವನ್ನು ಮರೆತಿದ್ದೇವೆ.

ಆ ಬೆಳಿಗ್ಗೆ ನಾವು ಐದಲ್ಲ, ಹದಿನೈದು ನಿಮಿಷ ಕಾದೆವು. ಯಾರೂ ಕಲ್ಲೆಸೆಯಲಿಲ್ಲ, ಕೋಲಿನಿಂದ ತಿವಿಯಲಿಲ್ಲ. ಹತ್ತಿರ ಹೋಗಿ ಫೋಟೋ ತೆಗೆಯಲು ಹೊರಟಿದ್ದ ನನ್ನನ್ನೂ ಹಿರಿಯರು ಒಂದು ಕಣ್ಣೋಟದಲ್ಲೇ ತಡೆದರು. ಹಿಂದಿನಿಂದ ಒಂದು ಖಾಸಗಿ ಬಸ್ಸು ಬಂದು ಹಾರ್ನ್ ಹಾಕಿತು. “ಎಂತ ಅಡ್ಡ?” ಎಂದು ಡ್ರೈವರ್ ಕೇಳಿದ. “ಹುಳ” ಎಂದರು ಇವರು. ಅವನು ಮತ್ತೇನೂ ಕೇಳದೆ ಎಂಜಿನ್ ಆರಿಸಿದ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಬಿಸಿಲಿನ ಚೌಕ ಸ್ವಲ್ಪ ಸರಿದಿತ್ತು. ಕೊಳಕುಮಂಡಲ ಮೈ ಬಿಚ್ಚಿಕೊಂಡು, ಅವಸರವಿಲ್ಲದೆ, ರಸ್ತೆಬದಿಯ ತರಗೆಲೆಯೊಳಗೆ ಇಳಿಯಿತು. ಇಳಿದ ಮರುಕ್ಷಣವೇ, ಅದು ಎಲ್ಲಿದೆ ಎಂದು ಗೊತ್ತಿದ್ದೂ ನಮಗೆ ಕಾಣಿಸಲಿಲ್ಲ.

“ಆಯ್ತು, ಹೋಗಿ ಇನ್ನು” ಎಂದು ಹಿರಿಯರು ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ತೋಟದ ಕಡೆ ನಡೆದರು. ಅವರ ಹೆಸರು ಕೇಳಲು ನನಗೆ ಹೊಳೆಯಲಿಲ್ಲ.

ಆ ರಾತ್ರಿ ಚಕ್ರದಡಿ ಸಿಕ್ಕಿದ್ದು ಯಾವ ಹಾವು, ಅಥವಾ ಹಾವೇ ಹೌದೋ ಅಲ್ಲವೋ, ನನಗೆ ಇನ್ನು ಯಾವತ್ತೂ ತಿಳಿಯುವುದಿಲ್ಲ. ಈಗ ಕಾಡಿನ ರಸ್ತೆಯಲ್ಲಿ, ಅದರಲ್ಲೂ ಚಳಿಗಾಲದ ಬೆಳಿಗ್ಗೆ ಮತ್ತು ಮಳೆಗಾಲದ ರಾತ್ರಿ, ಕಾರಿನ ವೇಗವನ್ನು ನಲವತ್ತಕ್ಕೆ ಇಳಿಸುತ್ತೇನೆ. ಮುಂದೆ ಬಿಸಿಲಿನ ಚೌಕ ಕಂಡರೆ ಅದಕ್ಕೂ ಕಡಿಮೆಗೆ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ಬಿದ್ದಿರುವುದು ಟಯರಿನ ತುಂಡೇ ಆಗಿರುತ್ತದೆ.